ಕಟ್ಟಿಗೆ ಕರೆಂಟೋ, ಕಲ್ಲಿದ್ದಲ ಕರೆಂಟೋ: ಹೊಗೆಯ ಲೆಕ್ಕ ನೋಡಿ ಆರಿಸುವ ಬಗೆ

ಊರ ಹತ್ತಿರ 8 ಮೆಗಾವ್ಯಾಟ್‌ನ ಕಟ್ಟಿಗೆ ಪವರ್ ಪ್ಲಾಂಟ್ ಬರುತ್ತದೆ ಎಂಬ ಸುದ್ದಿ ಕೇಳಿ ಕಾಕಾ ಫೋನ್ ಮಾಡಿದ್ದರು. "ಕಲ್ಲಿದ್ದಲ ಅಲ್ಲಲ್ಲೋ ತಮ್ಮಾ, ಕಟಿಗಿ ಐತಿ. ಮನ್ಯಾಗ ಒಲಿ ಉರಿಸಿದಂಗ. ಹೆದ್ರೂದೇನೈತಿ?" ಅಂದರು. ಒಲೆಯ ಮಾತು ಅವರೇ ತೆಗೆದದ್ದು ಒಳ್ಳೆಯದಾಯಿತು. ಊದುಗೊಳವೆ ಹಿಡಿದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮೂವತ್ತು ವರ್ಷ ಆ ಒಲೆಯ ಮುಂದೆ ಕೂತ ಕಾಕಿಯನ್ನು ಕೇಳಿದ್ದರೆ ಕಟ್ಟಿಗೆಯ ಹೊಗೆ ಸಾಧು ಎಂದು ಆಕೆ ಖಂಡಿತ ಹೇಳುತ್ತಿರಲಿಲ್ಲ.

ನಾನು ಹನ್ನೊಂದು ವರ್ಷ ಕಲ್ಲಿದ್ದಲ ಬಾಯ್ಲರ್ ಮುಂದೆ, ಆಮೇಲೆ ನಾಲ್ಕು ವರ್ಷ ಕಟ್ಟಿಗೆ ಬಾಯ್ಲರ್ ಮುಂದೆ ಶಿಫ್ಟ್ ಮಾಡಿದವನು. ಎರಡರ ಬೂದಿಯೂ ನನ್ನ ಅಂಗಿಯ ಕಾಲರಿನಲ್ಲಿ ಕೂತಿದೆ. ಕಟ್ಟಿಗೆ ಹಸಿರು, ಕಲ್ಲಿದ್ದಲು ಕಪ್ಪು ಎಂದು ಬಣ್ಣ ಹಚ್ಚಿ ಕೈತೊಳೆದುಕೊಳ್ಳುವ ಮಾತು ಕೇಳಿದಾಗೆಲ್ಲ ನನಗೆ ರೇಗುತ್ತದೆ. ಉರಿಸುವುದು ಏನನ್ನು ಎಂಬುದು ಅರ್ಧ ಪ್ರಶ್ನೆ. ಅದು ಎಷ್ಟು ಒಣಗಿದೆ, ಎಷ್ಟು ದೊಡ್ಡ ಬಾಯ್ಲರಿಗೆ ಬೀಳುತ್ತದೆ, ಚಿಮಣಿಗೆ ಹೋಗುವ ಮೊದಲು ಹೊಗೆ ಯಾವ ಫಿಲ್ಟರ್ ದಾಟುತ್ತದೆ, ಇವು ಉಳಿದರ್ಧ. ಊರಿನ ಗಾಳಿಯ ಹಣೆಬರಹ ಹೆಚ್ಚಾಗಿ ಈ ಉಳಿದರ್ಧದಲ್ಲೇ ಇರುತ್ತದೆ.

ಮೊದಲು ಅಳತೆಗೋಲು

ಹೋಲಿಸುವುದಾದರೆ ಒಂದು ಯೂನಿಟ್ ಕರೆಂಟಿಗೆ ಎಷ್ಟು ಹೊಗೆ ಎಂದು ಹೋಲಿಸಬೇಕು. ಒಂದು ಕಿಲೋ ಕಲ್ಲಿದ್ದಲಿಗೆ ಒಂದು ಕಿಲೋ ಕಟ್ಟಿಗೆ ಇಟ್ಟು ತೂಗಿದರೆ ಲೆಕ್ಕ ದಾರಿ ತಪ್ಪುತ್ತದೆ, ಏಕೆಂದರೆ ಎರಡೂ ಕಡೆಯ ಯಂತ್ರ ಒಂದೇ ಅಲ್ಲ.

500 ಮೆಗಾವ್ಯಾಟ್‌ನ ಕಲ್ಲಿದ್ದಲ ಘಟಕ ಒಂದು ಯೂನಿಟ್‌ಗೆ ಸುಮಾರು 2,400 ಕಿಲೋಕ್ಯಾಲೊರಿ ಶಾಖ ತಿನ್ನುತ್ತದೆ. ಕಟ್ಟಿಗೆಯ ಸಣ್ಣ ಪ್ಲಾಂಟಿಗೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗವೇ ದರ ನಿಗದಿಗೆ ಇಟ್ಟುಕೊಂಡಿರುವ ಲೆಕ್ಕ ಯೂನಿಟ್‌ಗೆ 4,200 ಕಿಲೋಕ್ಯಾಲೊರಿ. ಇದರಲ್ಲಿ ಕಟ್ಟಿಗೆಯ ತಪ್ಪೇನೂ ಇಲ್ಲ. ಹತ್ತು ಮೆಗಾವ್ಯಾಟ್‌ನ ಟರ್ಬೈನಿಗೆ ದೊಡ್ಡ ಟರ್ಬೈನಿನ ಒತ್ತಡ, ಉಷ್ಣತೆ ಎರಡೂ ಸಿಗುವುದಿಲ್ಲ. ಹಾಗಾಗಿ ಅದೇ ಒಂದು ಬಲ್ಬು ಉರಿಸಲು ಒಂದು ಕಡೆ 600 ಗ್ರಾಂ ಕಲ್ಲಿದ್ದಲು ಸಾಕು, ಇನ್ನೊಂದು ಕಡೆ 1,350 ಗ್ರಾಂ ಕಟ್ಟಿಗೆ ಬೇಕು. ಕಿಲೋ ಲೆಕ್ಕದಲ್ಲಿ ಕಟ್ಟಿಗೆಯ ಹೊಗೆ ಎಷ್ಟೇ ಚೊಕ್ಕಟ ಕಂಡರೂ ಯೂನಿಟ್ ಲೆಕ್ಕಕ್ಕೆ ಬರುವಾಗ ಅದನ್ನು ಎರಡು ಪಟ್ಟು ಮಾಡಿಕೊಂಡು ನೋಡಿ.

ಮುಂದೆ ಕೊಡುವ ಅಂಕಿಗಳು ಈ ಶಾಖದ ಲೆಕ್ಕದ ಮೇಲೆ ನಾನೇ ಪೆನ್ನು ಹಿಡಿದು ತೆಗೆದವು. ಕಟ್ಟಿಗೆಯ ಕಡೆಗೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಕಟ್ಟಿಗೆ ಬಾಯ್ಲರುಗಳಿಗೆ ಕೊಟ್ಟಿರುವ ಸರಾಸರಿ ಬಳಸಿದ್ದೇನೆ. ಕಲ್ಲಿದ್ದಲ ಕಡೆಗೆ ನಮ್ಮ ಕಲ್ಲಿದ್ದಲಿನ ಗುಣ ಮತ್ತು ನಮ್ಮ ಸರ್ಕಾರದ ಮಿತಿಗಳು. ಅಂದಾಜು ಎಂದೇ ಓದಿಕೊಳ್ಳಿ.

ಗಂಧಕ, ಪಾದರಸ: ಇಲ್ಲಿ ಕಟ್ಟಿಗೆ ಗೆದ್ದಿತು

ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಸುಮಾರು ಅರ್ಧ ಶೇಕಡ. ಯೂನಿಟ್‌ಗೆ 6 ಗ್ರಾಂ ಆಸುಪಾಸು ಸಲ್ಫರ್ ಡೈಆಕ್ಸೈಡ್ ಹೊರಬೀಳುತ್ತದೆ. ಕಟ್ಟಿಗೆಯಲ್ಲಿ ಅದು 0.2 ಗ್ರಾಂ. ಪಾದರಸವೂ ಕಟ್ಟಿಗೆಯಲ್ಲೇ ಕಡಿಮೆ. ವಾದವೇ ಬೇಡ.

ಒಂದು ಮಾತು ಮಾತ್ರ ಸೇರಿಸಬೇಕು. ಈ 6 ಗ್ರಾಂ ಅನಿಲವಾಗಿಯೇ ಉಳಿಯುವುದಿಲ್ಲ. ಗಾಳಿಯಲ್ಲಿ ನೂರಾರು ಕಿಲೋಮೀಟರ್ ತೇಲುತ್ತ ಸಲ್ಫೇಟ್ ಕಣವಾಗಿ, ಅಂದರೆ ಉಸಿರಿನ ಜೊತೆ ಒಳಗಿಳಿಯುವಷ್ಟು ಸಣ್ಣ ಪಿಎಂ 2.5 ಕಣವಾಗಿ ಇಳಿಯುತ್ತದೆ. ಅದನ್ನು ತಡೆಯಲೆಂದೇ 2015ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಟ್ಟುನಿಟ್ಟಿನ ಮಿತಿ ತಂದಿತು. ಹೊಗೆಯನ್ನು ಸುಣ್ಣದಕಲ್ಲಿನ ನೀರಿನಲ್ಲಿ ತೊಳೆಯುವ ಎಫ್‌ಜಿಡಿ ಯಂತ್ರ ಹಾಕಬೇಕಿತ್ತು. ಗಡುವು ಮೇಲಿಂದ ಮೇಲೆ ಮುಂದೆ ಹೋಯಿತು. 2025ರ ಜುಲೈನಲ್ಲಿ, ದೊಡ್ಡ ನಗರಗಳಿಂದಲೂ ತೀವ್ರ ಮಾಲಿನ್ಯದ ಪ್ರದೇಶಗಳಿಂದಲೂ ದೂರ ಇರುವ ಸ್ಥಾವರಗಳಿಗೆ, ಅಂದರೆ ಬಹುಪಾಲು ಸ್ಥಾವರಗಳಿಗೆ, ಆ ಕಟ್ಟಳೆಯಿಂದ ವಿನಾಯಿತಿಯೇ ಸಿಕ್ಕಿತು. ಆದ್ದರಿಂದ ಕಲ್ಲಿದ್ದಲ ಚಿಮಣಿಯಲ್ಲಿ ಬೂದಿ ಕಾಣಲಿಲ್ಲ ಎಂದಮಾತ್ರಕ್ಕೆ ಅದು ಕಣ ಬಿಡುತ್ತಿಲ್ಲ ಎಂದಲ್ಲ. ಆ ಕಣ ಹುಟ್ಟುವುದು ಬೇರೆ ಊರಿನ ಮೇಲೆ.

ಬೂದಿ ಮತ್ತು ಕಣ: ಇಲ್ಲಿ ನಿಧಾನವಾಗಿ ನೋಡಬೇಕು

ಎರಡೂ ಬೂದಿಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದ್ದೇನೆ. ಕಲ್ಲಿದ್ದಲ ಹಾರುಬೂದಿ ಟಾಲ್ಕಂ ಪೌಡರಿನ ಹಾಗೆ, ಒಂದೇ ಬೂದುಬಣ್ಣ, ಉಜ್ಜಿದರೆ ಜಾರುತ್ತದೆ. ಕಣಗಳು ಬಹುತೇಕ ಗುಂಡನೆಯ ಗಾಜಿನ ಹರಳುಗಳು. ಕಟ್ಟಿಗೆ ಬೂದಿ ಹಗುರ, ಬೆಳ್ಳಗೆ, ನಡುನಡುವೆ ಇದ್ದಿಲ ಚೂರು. ಹಿಂದೆ ಇದರಿಂದಲೇ ಪಾತ್ರೆ ತಿಕ್ಕುತ್ತಿದ್ದೆವು, ಬದನೆ ಗಿಡದ ಬುಡಕ್ಕೆ ಹಾಕುತ್ತಿದ್ದೆವು. ಅದರಲ್ಲಿ ಪೊಟ್ಯಾಷ್, ಸುಣ್ಣ ಎರಡೂ ಇವೆ.

ಪ್ರಮಾಣದ ಅಂತರ ದೊಡ್ಡದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ 30ರಿಂದ 45 ಶೇಕಡ ಬೂದಿ. ಯೂನಿಟ್‌ಗೆ 200 ಗ್ರಾಂ ಮೇಲೆ. ರಾಯಚೂರಿನ ಶಕ್ತಿನಗರದಲ್ಲಿ ಇರುವಂಥ 210 ಮೆಗಾವ್ಯಾಟ್‌ನ ಒಂದು ಘಟಕ ಪೂರ್ತಿ ಓಡಿದರೆ ಗಂಟೆಗೆ ಸುಮಾರು 45 ಟನ್ ಬೂದಿ ಬೀಳುತ್ತದೆ. ಕಟ್ಟಿಗೆಯಲ್ಲಿ ಒಂದೆರಡು ಶೇಕಡ, ಮಣ್ಣು ಮೆತ್ತಿಕೊಂಡಿದ್ದರೆ ಸ್ವಲ್ಪ ಹೆಚ್ಚು. ಯೂನಿಟ್‌ಗೆ 20 ಗ್ರಾಂ ಆಸುಪಾಸು.

ಹಾಗಾದರೆ ಕಟ್ಟಿಗೆಯೇ ಶುದ್ಧ ಅಲ್ಲವೇ? ಇಲ್ಲೇ ಎಲ್ಲರೂ ಎಡವುವುದು. ಒಲೆಯೊಳಗೆ ಎಷ್ಟು ಬೂದಿ ಹುಟ್ಟಿತು ಎಂಬುದು ಬೇರೆ, ಚಿಮಣಿಯಿಂದ ಎಷ್ಟು ಹಾರಿತು ಎಂಬುದು ಬೇರೆ. ದೊಡ್ಡ ಕಲ್ಲಿದ್ದಲ ಸ್ಥಾವರದಲ್ಲಿ ಬಾಯ್ಲರಿಗೂ ಚಿಮಣಿಗೂ ನಡುವೆ ಮೂರಂತಸ್ತಿನ ಮನೆಯಷ್ಟು ದೊಡ್ಡ ಇಎಸ್‌ಪಿ, ಅಂದರೆ ವಿದ್ಯುತ್ತಿನಿಂದ ಬೂದಿ ಹಿಡಿಯುವ ಫಿಲ್ಟರ್, ನಿಂತಿರುತ್ತದೆ. ಹತ್ತಾರು ಸಾವಿರ ವೋಲ್ಟ್‌ನ ತಂತಿಗಳ ನಡುವೆ ಹೊಗೆ ಹಾದುಹೋಗುವಾಗ ಕಣಗಳಿಗೆ ವಿದ್ಯುದಾವೇಶ ಬಂದು ಉಕ್ಕಿನ ತಗಡುಗಳಿಗೆ ಅಂಟಿಕೊಳ್ಳುತ್ತವೆ. ಸುತ್ತಿಗೆಗಳು ಆಗಾಗ ತಗಡನ್ನು ಬಡಿದು ಬೂದಿಯನ್ನು ಕೆಳಗಿನ ಹಾಪರಿಗೆ ಬೀಳಿಸುತ್ತವೆ. ರಾತ್ರಿ ಶಿಫ್ಟಿನಲ್ಲಿ ಆ ಠಣ್ ಠಣ್ ಸದ್ದು ನಿಂತರೆ ನನಗೆ ನಿದ್ದೆ ಹಾರಿಹೋಗುತ್ತಿತ್ತು. 2003ರ ನಂತರ, 2016ರೊಳಗೆ ಶುರುವಾದ ಘಟಕಗಳಿಗೆ ಮಿತಿ ಘನಮೀಟರ್ ಹೊಗೆಗೆ 50 ಮಿಲಿಗ್ರಾಂ. 2017ರಿಂದ ಬಂದವಕ್ಕೆ 30. ಅದಕ್ಕೂ ಹಳೆಯವಕ್ಕೆ 100. ಐವತ್ತರ ಮಿತಿ ಪಾಲಿಸಿದ ಘಟಕದಿಂದ ಯೂನಿಟ್‌ಗೆ ಹಾರುವುದು 0.2 ಗ್ರಾಂ.

ಕಟ್ಟಿಗೆ ಪ್ಲಾಂಟಿಗೆ ಒಳ್ಳೆಯ ಇಎಸ್‌ಪಿ ಹಾಕಿದರೆ ಯೂನಿಟ್‌ಗೆ 0.4 ಗ್ರಾಂ. ದುಡ್ಡು ಉಳಿಸಲು ಸೈಕ್ಲೋನ್ ಎಂಬ ಅಗ್ಗದ ಫಿಲ್ಟರ್ ಮಾತ್ರ ಹಾಕಿದರೆ 1.7 ಗ್ರಾಂ, ತೊಗಟೆ ಹೆಚ್ಚಿದ್ದರೆ ಇನ್ನೂ ಮೇಲೆ. ಅಂದರೆ ಸೈಕ್ಲೋನ್ ಮಾತ್ರ ಇರುವ ಕಟ್ಟಿಗೆ ಪ್ಲಾಂಟು ಯೂನಿಟ್ ಲೆಕ್ಕದಲ್ಲಿ ಕಲ್ಲಿದ್ದಲ ಘಟಕಕ್ಕಿಂತ ಎಂಟು ಪಟ್ಟು ಕಣ ಉಗುಳುತ್ತದೆ.

ಅದೂ ಎಂಥ ಕಣ! ಕಟ್ಟಿಗೆಯ ಪೊಟ್ಯಾಸಿಯಂ ಬೆಂಕಿಯಲ್ಲಿ ಆವಿಯಾಗಿ, ಹೊಗೆ ತಣ್ಣಗಾಗುವಾಗ ಮತ್ತೆ ಗಟ್ಟಿಯಾಗುತ್ತದೆ. ಆಗ ಹುಟ್ಟುವ ಕಣ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಚಿಕ್ಕದು. ಸೈಕ್ಲೋನ್ ಎಂದರೆ ಹೊಗೆಯನ್ನು ಗಿರಗಿರನೆ ತಿರುಗಿಸಿ ದಪ್ಪ ಕಣವನ್ನು ಗೋಡೆಗೆ ಎಸೆಯುವ ಕೊಳವೆ, ಅಷ್ಟೇ. ಹತ್ತು ಮೈಕ್ರಾನಿನ ಬೂದಿ ಅದರ ಕೈಗೆ ಸಿಗುತ್ತದೆ. ಈ ಸಣ್ಣದು ಹೊಗೆಯ ಜೊತೆಯೇ ತಿರುಗಿ ಜೊತೆಯೇ ಹೊರಟುಹೋಗುತ್ತದೆ. ಶ್ವಾಸಕೋಶದ ತಳಕ್ಕೆ ಇಳಿಯುವುದೂ ಇದೇ.

ಕಲ್ಲಿದ್ದಲ ಪರ ಇಷ್ಟು ಹೇಳಿದ ಮೇಲೆ ಅದರ ಅಪಾಯವನ್ನೂ ಹೇಳಬೇಕು. ಹೊಗೆಯ ಜೊತೆ ಹೊರಡುವ ಸುಮಾರು 175 ಗ್ರಾಂ ಬೂದಿಯನ್ನು 0.2 ಗ್ರಾಂಗೆ ಇಳಿಸುವುದೆಂದರೆ ನೂರಕ್ಕೆ 99.9 ಪಾಲು ಹಿಡಿಯಬೇಕು. ಇಎಸ್‌ಪಿಯ ಒಂದು ಫೀಲ್ಡ್, ಅಂದರೆ ಅದರ ಒಂದು ಭಾಗ, ಕರೆಂಟ್ ಹೋಗಿ ನಿಂತರೂ ಈ ಲೆಕ್ಕ ಬುಡಮೇಲು. ಯಂತ್ರ ಜೀವಂತ ಇರುವವರೆಗೆ ಮಾತ್ರ ಕಲ್ಲಿದ್ದಲು ಮರ್ಯಾದಸ್ಥ.

ಹಸಿ ಕಟ್ಟಿಗೆ ಎಂಬ ಶನಿ

ಕಟ್ಟಿಗೆ ಪ್ಲಾಂಟಿನಲ್ಲಿ ನನ್ನ ಮೊದಲ ಮಳೆಗಾಲ. ಲಾರಿಯಲ್ಲಿ ಬಂದ ಬಳ್ಳಾರಿ ಜಾಲಿಯ ಒಂದು ತುಂಡು, ಮುಂಗೈ ದಪ್ಪದ್ದು, ಅನುಮಾನ ಬಂದು ತಕ್ಕಡಿಗೆ ಇಟ್ಟೆ. ಸರಿಯಾಗಿ ಒಂದು ಕಿಲೋ ಆಗುವಂತೆ ತುದಿ ಕತ್ತರಿಸಿ ಬಿಸಿ ಡಕ್ಟಿನ ಮೇಲೆ ಒಣಗಲು ಬಿಟ್ಟೆ. ಎರಡು ದಿನದ ಮೇಲೆ ತೂಗಿದರೆ 590 ಗ್ರಾಂ. ಉಳಿದ 410 ಗ್ರಾಂ ನೀರು. ತೂಕಕ್ಕೆ ದುಡ್ಡು ಸಿಗುತ್ತದೆಂದು ವೇಬ್ರಿಡ್ಜಿಗೆ ಬರುವ ಮುಂಚೆ ಲಾರಿಗೆ ನೀರು ಹೊಡೆಯುವವರೂ ಇದ್ದರು. ನೀರಿಗೆ ದುಡ್ಡು ಕೊಡುವುದು, ಆ ನೀರನ್ನು ಆವಿ ಮಾಡಲು ಮತ್ತೆ ಕಟ್ಟಿಗೆ ಉರಿಸುವುದು. ಮ್ಯಾನೇಜರಿಗೆ ಹೇಳಿದರೆ "ಇವತ್ತಿನ ಲೋಡ್ ಎಷ್ಟು ಬಂತು" ಎಂದಷ್ಟೇ ಕೇಳುತ್ತಿದ್ದರು.

ಹಸಿ ಕಟ್ಟಿಗೆ ಬಿದ್ದ ಕೂಡಲೇ ಕುಲುಮೆಯ ಉಷ್ಣತೆ ಕುಸಿಯುತ್ತದೆ. ಬೆಂಕಿ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್, ಬೆಂಜೀನ್, ಫಾರ್ಮಾಲ್ಡಿಹೈಡ್, ಟಾರಿನ ಸೂಕ್ಷ್ಮ ಹನಿ ಎಲ್ಲ ಏರುತ್ತವೆ. ಮಾಮೂಲಿ ದಿನಗಳಲ್ಲೇ ಕಟ್ಟಿಗೆ ಬಾಯ್ಲರಿನ ಕಾರ್ಬನ್ ಮಾನಾಕ್ಸೈಡ್ ಯೂನಿಟ್‌ಗೆ 4.5 ಗ್ರಾಂ ಆಗುತ್ತದೆ. ಪುಡಿಮಾಡಿ ಉರಿಸುವ ಕಲ್ಲಿದ್ದಲ ಬಾಯ್ಲರಿನಲ್ಲಿ ಅದು 0.15 ಗ್ರಾಂ. ಮೂವತ್ತು ಪಟ್ಟು! ಇನ್ನೊಂದು ಗ್ರಹಚಾರ ಏನೆಂದರೆ, ಕಾರ್ಬನ್ ಮಾನಾಕ್ಸೈಡ್ ತೀರಾ ಏರಿದರೆ ಇಎಸ್‌ಪಿಯ ಕಿಡಿಗೆ ಹೊತ್ತಿಕೊಳ್ಳುವ ಭಯ. ಹಾಗಾಗಿ ಇಎಸ್‌ಪಿಯನ್ನೇ ಆಫ್ ಮಾಡಬೇಕಾಗುತ್ತದೆ. ಕಟ್ಟಿಗೆ ಹಸಿಯಾದಾಗ ಹೊಗೆ ಹೆಚ್ಚು, ಹೊಗೆ ಹೆಚ್ಚಾದಾಗಲೇ ಫಿಲ್ಟರ್ ಬಂದ್.

ನೈಟ್ರೋಜನ್ ಆಕ್ಸೈಡುಗಳಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಯೂನಿಟ್‌ಗೆ ಒಂದೂವರೆ ಗ್ರಾಂ ಮೇಲೆ, ಅಲ್ಲೂ ಇಲ್ಲೂ.

ಚಿಮಣಿಯ ಎತ್ತರ, ಲಾರಿಗಳ ಸಾಲು

210 ಮೆಗಾವ್ಯಾಟ್ ಘಟಕದ ಚಿಮಣಿ 220 ಮೀಟರ್. ಐನೂರಕ್ಕೆ 275. ಎಂಟು ಮೆಗಾವ್ಯಾಟ್‌ನ ಪ್ಲಾಂಟಿಗೆ ಅದರ ಮೂರನೇ ಒಂದರಷ್ಟು ಎತ್ತರವೂ ಅಪರೂಪ. ಎತ್ತರದ ಚಿಮಣಿ ಹೊಗೆಯನ್ನು ಮಾಯ ಮಾಡುವುದಿಲ್ಲ, ಹಂಚುತ್ತದೆ. ಗಿಡ್ಡ ಚಿಮಣಿ ಹಂಚುವುದಿಲ್ಲ, ಪಕ್ಕದ ಓಣಿಗೇ ಕೊಡುತ್ತದೆ. ಅದರಲ್ಲೂ ಚಳಿಗಾಲದ ಬೆಳಗ್ಗೆ, ಹೊಗೆ ಮೇಲೇಳದೆ ಹೊಲದ ಮೇಲೆ ಕಂಬಳಿ ಹೊದಿಸಿದಂತೆ ಮಲಗುವ ಹೊತ್ತಿನಲ್ಲಿ.

ಲಾರಿಗಳನ್ನೂ ಎಣಿಸಿ. 8 ಮೆಗಾವ್ಯಾಟ್ ದಿನವಿಡೀ ಓಡಿದರೆ 250 ಟನ್ ಮೇಲೆ ಕಟ್ಟಿಗೆ ಬೇಕು. ಹತ್ತು ಟನ್ನಿನ ಲಾರಿಯಾದರೆ ದಿನಕ್ಕೆ ಇಪ್ಪತ್ತೈದು ಬಂದು, ಇಪ್ಪತ್ತೈದು ಹೋಗಬೇಕು. ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ. ನಿಮ್ಮೂರ ಮಣ್ಣುರಸ್ತೆಯ ಧೂಳು, ಡೀಸೆಲ್ ಹೊಗೆ ಚಿಮಣಿಯ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಕಾರ್ಬನ್ ವಾದ ಮತ್ತು ಡ್ರ್ಯಾಕ್ಸ್

ಚಿಮಣಿ ಬಾಯಲ್ಲಿ ಅಳೆದರೆ ಕಟ್ಟಿಗೆ ಸೋಲುತ್ತದೆ. ಹವಾಮಾನದ ಅಂತರಸರ್ಕಾರಿ ಸಮಿತಿ ಐಪಿಸಿಸಿಯ ಲೆಕ್ಕದಲ್ಲಿ ಅಷ್ಟೇ ಶಾಖಕ್ಕೆ ಕಲ್ಲಿದ್ದಲು 95 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಕಟ್ಟಿಗೆ 112 ಬಿಡುತ್ತದೆ. ಸಣ್ಣ ಟರ್ಬೈನಿನ ದಂಡವೂ ಸೇರಿದರೆ ಯೂನಿಟ್‌ಗೆ ಕಲ್ಲಿದ್ದಲಿನದು 1 ಕಿಲೋಗೆ ಸ್ವಲ್ಪ ಕಡಿಮೆ, ಕಟ್ಟಿಗೆಯದು 2 ಕಿಲೋ. ಮರ ಮತ್ತೆ ಬೆಳೆದು ಅದನ್ನು ಹೀರಿಕೊಳ್ಳುತ್ತದೆ ಎಂಬುದು ಉತ್ತರ. ಎಷ್ಟು ವರ್ಷಕ್ಕೆ ಎಂಬುದು ನನ್ನ ಪ್ರಶ್ನೆ. ಮ್ಯಾಸಚೂಸೆಟ್ಸ್ ರಾಜ್ಯಕ್ಕಾಗಿ ಮ್ಯಾನೊಮೆಟ್ ಸಂಸ್ಥೆ 2010ರಲ್ಲಿ ಮಾಡಿದ ಅಧ್ಯಯನ, ಅಲ್ಲಿನ ಕಾಡಿನ ಮರದಿಂದ ಕಲ್ಲಿದ್ದಲ ವಿದ್ಯುತ್ತಿನ ಜಾಗ ತುಂಬಿದರೆ ಹೆಚ್ಚಿಗೆ ಬಿಟ್ಟ ಕಾರ್ಬನ್ನಿನ ಸಾಲ ತೀರಲು ಸುಮಾರು 21 ವರ್ಷ ಎಂದಿತು.

ಜಗತ್ತಿನಲ್ಲಿ ಈ ಪ್ರಯೋಗ ದೊಡ್ಡದಾಗಿ ನಡೆದಿರುವುದು ಇಂಗ್ಲೆಂಡಿನ ನಾರ್ತ್ ಯಾರ್ಕ್‌ಶೈರ್‌ನ ಡ್ರ್ಯಾಕ್ಸ್ ಸ್ಥಾವರದಲ್ಲಿ. ಒಂದು ಕಾಲಕ್ಕೆ ಆರೂ ಘಟಕಗಳಲ್ಲಿ ಕಲ್ಲಿದ್ದಲು ಉರಿಯುತ್ತಿತ್ತು. 2013ರಿಂದ 2018ರೊಳಗೆ ನಾಲ್ಕನ್ನು ಕಟ್ಟಿಗೆ ಪೆಲೆಟ್‌ಗೆ, ಅಂದರೆ ಪುಡಿ ಒತ್ತಿ ಮಾಡಿದ ಗುಳಿಗೆಗಳಿಗೆ, ಬದಲಿಸಿದರು. ಯಂತ್ರ ದೊಡ್ಡದು, ಪೆಲೆಟ್ ಒಣದು, ಫಿಲ್ಟರ್ ಹಳೆಯ ಕಲ್ಲಿದ್ದಲ ಕಾಲದ್ದೇ. ಹಾಗಾಗಿ ನಾನು ಮೇಲೆ ಹೇಳಿದ ಸಣ್ಣ ಪ್ಲಾಂಟಿನ ದೋಷಗಳು ಅಲ್ಲಿಗೆ ಅಷ್ಟಾಗಿ ತಾಗುವುದಿಲ್ಲ, ಗಂಧಕವಂತೂ ಇಳಿಯಿತು. ಆದರೆ ಪೆಲೆಟ್ ಹೆಚ್ಚಾಗಿ ಬರುವುದು ಅಟ್ಲಾಂಟಿಕ್ ಆಚೆಯಿಂದ. ಮರ ಒಣಗಿಸಿ, ಪುಡಿ ಮಾಡಿ, ಒತ್ತುವಾಗ ಹೊರಡುವ ಸಾವಯವ ಆವಿಯ ಪ್ರಮಾಣ ಮಿತಿ ಮೀರಿತೆಂದು ಮಿಸ್ಸಿಸ್ಸಿಪ್ಪಿಯ ಗ್ಲಾಸ್ಟರ್ ಎಂಬ ಸಣ್ಣ ಊರಿನಲ್ಲಿರುವ ಡ್ರ್ಯಾಕ್ಸ್ ಕಾರ್ಖಾನೆಗೆ ಆ ರಾಜ್ಯ 25 ಲಕ್ಷ ಡಾಲರ್ ದಂಡ ಹಾಕಿತು. ಹೊಗೆ ಯಾರ್ಕ್‌ಶೈರ್‌ನಲ್ಲಿ ತಗ್ಗಿ ಗ್ಲಾಸ್ಟರ್‌ನಲ್ಲಿ ಎದ್ದಿತು.

ಕಟ್ಟಿಗೆ ಅಂದರೆ ಯಾವುದು?

ಮಾರುವವರು ಎಲ್ಲವನ್ನೂ ಬಯೋಮಾಸ್ ಎಂಬ ಒಂದೇ ಚೀಲಕ್ಕೆ ತುಂಬುತ್ತಾರೆ. ಚೀಲ ಬಿಚ್ಚಿಸಿ ನೋಡಬೇಕು.

ಬಳ್ಳಾರಿ ಜಾಲಿ ನಮ್ಮ ಕಡೆ ಕೇಳದೆ ಬಂದು ಕೂತ ನೆಂಟ. ಹಳ್ಳದ ದಂಡೆ, ಗೋಮಾಳ ಎಲ್ಲ ಅದರದೇ. ಕಡಿದರೂ ಬುಡದಿಂದ ಚಿಗುರಿ ಮೂರು ನಾಲ್ಕು ವರ್ಷಕ್ಕೆ ಮತ್ತೆ ಕಡಿಯಲು ಸಿದ್ಧ. ಕಟ್ಟಿಗೆ ಗಟ್ಟಿ, ಉರಿ ಜೋರು. ಒಣಗಿಸಿ ಉರಿಸುವುದಾದರೆ ನನ್ನ ತಕರಾರಿಲ್ಲ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಯನ್ನು ರೈತರು ಹೇಗೂ ಹೊಲದಲ್ಲೇ ಸುಡುತ್ತಾರೆ, ಅಲ್ಲಿ ಫಿಲ್ಟರೂ ಇಲ್ಲ, ಚಿಮಣಿಯೂ ಇಲ್ಲ. ಅದನ್ನು ಬಾಯ್ಲರಿಗೆ ತಂದರೆ ಗಾಳಿಗೆ ನಿವ್ವಳ ಲಾಭ. ಪೊಟ್ಯಾಷ್, ಕ್ಲೋರಿನ್ ಹೆಚ್ಚಿರುವುದರಿಂದ ಟ್ಯೂಬುಗಳಿಗೆ ಕಿಟ್ಟ ಕಟ್ಟುತ್ತದೆ, ಆ ಗೋಳು ಆಪರೇಟರಿನದು. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆ ಗಾಣದ ಬಾಯಲ್ಲೇ ಸಿಗುತ್ತದೆ, ಲಾರಿಯೇ ಬೇಡ, ಉಗಿಯೂ ಸಕ್ಕರೆಗೆ ಬೇಕಾಗುತ್ತದೆ. ಗಂಗಾವತಿ, ಸಿಂಧನೂರಿನ ಭತ್ತದ ಹೊಟ್ಟಿನಲ್ಲಿ ಮಾತ್ರ ಬೂದಿ 15ರಿಂದ 20 ಶೇಕಡ, ಅದು ಹಾರಿದರೆ ಕಣ್ಣಿಗೆ ಮರಳು ಎರಚಿದಂತೆ.

ನಿಂತ ಮರ ಕಡಿದು ತರುವುದಾದರೆ ಬೇಡ. ಬಣ್ಣ ಬಳಿದ ಬಾಗಿಲು, ಪ್ಲೈವುಡ್ ಚೂರು, ಗೆದ್ದಲಿಗೆ ಔಷಧಿ ಹೊಡೆದ ಕಂಬಗಳು ಬರುವುದಾದರೆ ಮೊದಲು ಗೇಟಿಗೆ ಬೀಗ ಹಾಕಿ. ಅದರ ಹೊಗೆಯಲ್ಲಿ ಸೀಸ, ಆರ್ಸೆನಿಕ್, ಡಯಾಕ್ಸಿನ್ ಇರಬಹುದು.

ಇವೆರಡರ ನಡುವೆ ಒಂದು ದಾರಿ

2021ರ ಅಕ್ಟೋಬರ್‌ನಲ್ಲಿ ಕೇಂದ್ರ ಇಂಧನ ಸಚಿವಾಲಯ ಕಲ್ಲಿದ್ದಲ ಸ್ಥಾವರಗಳಲ್ಲಿ 5 ಶೇಕಡ ಪೆಲೆಟ್ ಬೆರೆಸಿ ಉರಿಸಬೇಕೆಂದು ನೀತಿ ತಂದಿತು. ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿ 2017ರಲ್ಲೇ ಉತ್ತರ ಪ್ರದೇಶದ ದಾದ್ರಿಯಲ್ಲಿ ಇದರ ಪ್ರಯೋಗ ಮಾಡಿತ್ತು. ಸುದ್ದಿಯಾಗುವಂಥ ವಿಷಯವಲ್ಲ, ಆದರೆ ನನ್ನ ಮತ ಇದಕ್ಕೇ. ಪೈರಿನ ಉಳಿಕೆ ಒಣಗಿ ಪೆಲೆಟ್ ಆಗಿ ಬರುತ್ತದೆ, ಯೂನಿಟ್‌ಗೆ 2,400 ಕಿಲೋಕ್ಯಾಲೊರಿಯಲ್ಲಿ ಮುಗಿಯುತ್ತದೆ, ದೊಡ್ಡ ಇಎಸ್‌ಪಿಯ ಹಿಂದೆ ಉರಿಯುತ್ತದೆ. ರಾಯಚೂರು, ಬಳ್ಳಾರಿ, ವಿಜಯಪುರದ ಸ್ಥಾವರಗಳ ಸುತ್ತ ಇರುವುದು ಹತ್ತಿ, ತೊಗರಿಯ ಹೊಲಗಳೇ. ಇದರಿಂದ ಗಂಧಕ ಐದು ಶೇಕಡದಷ್ಟೇ ಇಳಿಯುತ್ತದೆ ಎಂಬುದೂ ನಿಜ. ಇದನ್ನು ತೋರಿಸಿ ಎಫ್‌ಜಿಡಿ ಬೇಡ ಎನ್ನುವವರು ಬಂದರೆ ನಂಬಬೇಡಿ.

ಊರವರು ಕೇಳಬೇಕಾದದ್ದು

15 ಮೆಗಾವ್ಯಾಟ್‌ವರೆಗಿನ ಬಯೋಮಾಸ್ ಸ್ಥಾವರಕ್ಕೆ ಪರಿಸರ ಅನುಮತಿಯ ದೊಡ್ಡ ಪ್ರಕ್ರಿಯೆಯಿಂದ ವಿನಾಯಿತಿ ಇದೆ. ಹಾಗಾಗಿ ಶಾಮಿಯಾನ ಹಾಕಿ ಊರವರ ಅಹವಾಲು ಕೇಳುತ್ತಾರೆ ಎಂದು ಕಾದು ಕೂರಬೇಡಿ. ಉಳಿಯುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ. ಮಾಹಿತಿ ಹಕ್ಕಿನಲ್ಲಿ ಅದರ ನಕಲು ತೆಗೆಸಿ. ಅದರಲ್ಲಿ ಇಎಸ್‌ಪಿ ಎಂದಿದೆಯೋ ಸೈಕ್ಲೋನ್ ಎಂದಿದೆಯೋ ನೋಡಿ. ಬಟ್ಟೆಯ ಚೀಲಗಳಲ್ಲಿ ಹೊಗೆ ಸೋಸುವ ಬ್ಯಾಗ್ ಫಿಲ್ಟರ್ ಎಂದಿದ್ದರೆ ಕಟ್ಟಿಗೆಯ ಕಿಡಿಗೆ ಚೀಲ ಸುಡದಂತೆ ಏನು ಮಾಡುತ್ತೀರಿ ಎಂದು ಕೇಳಿ. ಕಟ್ಟಿಗೆ ಒಣಗಿಸಲು ಸೂರಿರುವ ಜಾಗ ಎಷ್ಟು, ಮಳೆಗಾಲಕ್ಕೆ ಎಷ್ಟು ದಿನದ ದಾಸ್ತಾನು ಎಂಬುದನ್ನು ಬರೆದುಕೊಡಲಿ. ದುಡ್ಡು ಕೊಡುವುದು ತೂಕಕ್ಕೋ, ತೇವಾಂಶ ಕಳೆದ ತೂಕಕ್ಕೋ? ಈ ಒಂದು ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಆ ಪ್ಲಾಂಟಿನ ಹೊಗೆಯ ಬಣ್ಣ ಗೊತ್ತಾಗುತ್ತದೆ. ಜಾಲಿ ಮುಗಿದ ಮೇಲೆ ಏನು ಉರಿಸುತ್ತೀರಿ ಎಂದೂ ಕೇಳಿ. ಕಟ್ಟಿಗೆ ಸಾಲದೆ ಹೋದಾಗ ಕಲ್ಲಿದ್ದಲಿಗೆ ಕೈಚಾಚುವ ಪ್ಲಾಂಟುಗಳೂ ಇರುತ್ತವೆ.

ಕಾಕಾ ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರ ಆ ತಕ್ಕಡಿ ಲೆಕ್ಕ ಇನ್ನೊಮ್ಮೆ ಹೇಳು, ಬರಕೊಳ್ತೀನಿ. ಒಂದು ಕಿಲೋದಾಗ ನೀರು ಎಷ್ಟಂದಿ?" ಅಂದರು. ಪೆನ್ನು ಹುಡುಕಲು ಕಾಕಿಯನ್ನು ಕೂಗಿದ್ದು ನನಗೂ ಕೇಳಿಸಿತು.